ಬಾಗಿಲು ಹೊತ್ತು ಹೋದವರು

“ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ಮೂವತ್ತೊಂದು ಶಬ್ದ ಬರೆದುಕೊಂಡೆ. ಇವತ್ತು ಬೆಳಿಗ್ಗೆ ಕಚೇರಿಯ ಬಾಗಿಲಿನಿಂದ ನನ್ನ ಮೇಜಿನವರೆಗೆ ಹೋದೆನಲ್ಲ, ಆ ಹನ್ನೆರಡು ಹೆಜ್ಜೆಗೆ ಇವುಗಳಲ್ಲಿ ಒಂದೂ ಹೊಂದಲಿಲ್ಲ. ಗೋಡೆಯ ಪಕ್ಕದಲ್ಲೇ ಹೋಗುತ್ತೇನೆ, ಚಪ್ಪಲಿ ಸಪ್ಪಳವಾಗದಂತೆ ಹೋಗುತ್ತೇನೆ, ಯಾರೂ ತಲೆ ಎತ್ತಿ ನೋಡಬಾರದೆಂದು ಹೋಗುತ್ತೇನೆ. ಹೀಗೆ ಹೋಗುವುದಕ್ಕೆ ಕಳ್ಳರ ಶಬ್ದ ಒಂದಿದೆ. ಅದು ನನ್ನದಾಗಬಾರದು ಎಂಬುದೇ ನನ್ನ ಚಿಂತೆ.”

ಇಷ್ಟು ಬರೆದು ಸುಂಕಲಮ್ಮ ಶಾಯಿ ಆರಲೆಂದು ಊದಿದಳು. ಆಮೇಲೆ ದಿನಚರಿಯನ್ನು ಟ್ರಂಕಿನ ತಳದಲ್ಲಿ, ಹಳೆಯ ಸೀರೆಯ ಮಡಿಕೆಯೊಳಗೆ ಇಟ್ಟಳು. ಮನೆಯಲ್ಲಿ ಓದು ಬರಹ ಬಲ್ಲವಳು ಅವಳೊಬ್ಬಳೇ; ಪುಸ್ತಕವನ್ನು ಬಾಗಿಲ ಹೊರಗೆ ಬಿಸಿಲಿಗಿಟ್ಟರೂ ಓದುವವರಿರಲಿಲ್ಲ. ಆದರೂ ಮುಚ್ಚಿಡುತ್ತಿದ್ದಳು. ಅವಳ ಸ್ವಭಾವವೇ ಹಾಗೆ.

ಆ ಮೂವತ್ತೊಂದು ಶಬ್ದಗಳ ಗೀಳು ಅವಳಿಗೆ ಹತ್ತಿದ್ದು ಹೈದರಾಬಾದಿನಲ್ಲಿ. ಬಿ.ಎ. ಓದುವಾಗ ಇಂಗ್ಲಿಷ್ ಕಲಿಸುತ್ತಿದ್ದ ವಯಸ್ಸಾದ ಅಧ್ಯಾಪಕಿಯೊಬ್ಬರು, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದವರು, ತರಗತಿಯ ತುಂಬ ನಡೆದು ತೋರಿಸುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತ ನಾಲ್ಕು ಹೆಜ್ಜೆ ಹಾಕಿ, “ಇದು ಸ್ಟ್ರೋಲ್, ಕೆಲಸವಿಲ್ಲದವರ ನಡಿಗೆ” ಎನ್ನುತ್ತಿದ್ದರು. ಕಾಲೆಳೆಯುತ್ತ, ಹೆಗಲ ಮೇಲೆ ಕಾಣದ ಹೊರೆ ಹೊತ್ತು ಹಿಂದಕ್ಕೆ ಬಂದು, “ಇದು ಟ್ರಡ್ಜ್” ಎನ್ನುತ್ತಿದ್ದರು. ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. “‘ಅವನು ಹೋದ’ ಎಂದು ಬರೆಯುವವರು ಸೋಮಾರಿಗಳು. ಹೇಗೆ ಹೋದ, ನೋಡಿ ಬರೆಯಿರಿ” ಎಂದು ಆ ಬಾಯಿ ಮೇಜು ಕುಟ್ಟುತ್ತಿದ್ದರು. ಸುಂಕಲಮ್ಮ ನಗುತ್ತಿರಲಿಲ್ಲ. ಮಾತಾಡಲು ಬಾರದವಳಿಗೆ ನೋಡುವ ಕೆಲಸ ಸಿಕ್ಕಿತ್ತು. ಅದನ್ನು ವ್ರತದ ಹಾಗೆ ಹಿಡಿದಳು.

ಯಲಬುರ್ಗಾಕ್ಕೆ ಮರಳಿದ ಮೇಲೂ ಅದು ಬಿಡಲಿಲ್ಲ. ಟಪಾಲು ಚೀಲ ಹೊತ್ತು ಬರುವ ಗಾಳೆಪ್ಪನ ನಡಿಗೆ ಟ್ರಡ್ಜ್. ಸಂತೆಯ ದಿನ ಕುಷ್ಟಗಿ ಕಡೆಯಿಂದ ಬರುವ ಕಟ್ಟಿಗೆಯವರದ್ದೂ ಅದೇ, ಹೊರೆ ಮಾರಿ ಹಿಂದಿರುಗುವಾಗ ಬೇರೆ. ಮಜ್ಜಿಗೆ ಮಾರುವ ಹುಲಿಗವ್ವ ತಲೆಯ ಮೇಲೆ ಗಡಿಗೆ, ಬಗಲಲ್ಲಿ ಕೂಸು, ಬಾಯಲ್ಲಿ ಬೈಗಳ, ಮೂರನ್ನೂ ತುಳುಕಿಸದೆ ಬರುತ್ತಿದ್ದಳು. ಅದಕ್ಕೆ ಇಂಗ್ಲಿಷಿನಲ್ಲಿ ಶಬ್ದವೇ ಸಿಗದೆ ಸುಂಕಲಮ್ಮ ದಿನಚರಿಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಳು.

ಅದು ಸಾವಿರದ ಒಂಬೈನೂರ ನಲವತ್ತೊಂಬತ್ತರ ಫೆಬ್ರುವರಿ. ನಿಜಾಮನ ಆಳಿಕೆ ಮುಗಿದು ಐದು ತಿಂಗಳಾಗಿತ್ತು. ಅದಕ್ಕೆ ಮೊದಲಿನ ಹೊಡೆದಾಟ ಸುಲಿಗೆಗಳ ಗದ್ದಲದ ವರ್ಷದಲ್ಲಿ ಈ ಸೀಮೆಯ ಎಷ್ಟೋ ಮಂದಿ ರಾತ್ರೋರಾತ್ರಿ ನಿಜಾಮನ ಗಡಿ ದಾಟಿ ಗಜೇಂದ್ರಗಡದ ಕಡೆ ಹೋಗಿದ್ದರು. ಈಗ ಮರಳಿ ಬಂದು ನೋಡಿದರೆ ಕೆಲವರ ಮನೆಯಲ್ಲಿ ಬೇರೆಯವರ ದನ, ಕೆಲವರ ಹೊಲದಲ್ಲಿ ಬೇರೆಯವರ ಜೋಳ. ಯಾರದ್ದು ಯಾರಿಗೆ ಎಂದು ಗೊತ್ತು ಮಾಡಲು ಮದ್ರಾಸಿನಿಂದ ಒಬ್ಬ ಸಾಹೇಬರು ಬಂದರು. ಅವರಿಗೆ ಕನ್ನಡ ಬಾರದು, ಉರ್ದು ಬಾರದು. ಊರವರಿಗೆ ಇಂಗ್ಲಿಷ್ ಬಾರದು. ಹೀಗಾಗಿ, ಬಿ.ಎ. ಮುಗಿಸಿ ಮನೆಯಲ್ಲಿ ಕಾಳು ಹಸನು ಮಾಡುತ್ತ ಕೂತಿದ್ದ ಸುಂಕಲಮ್ಮನನ್ನು ಹುಡುಕಿಕೊಂಡು ಜವಾನ ಬಂದ. ಅವಳಿಗೆ ಇಪ್ಪತ್ತಮೂರು ವರ್ಷ. ಆ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತ ಮೊದಲ ಹೆಂಗಸು ಅವಳು.

ಅವಳ ಮೇಜಿನ ಎದುರಿಗೆ ಅಬ್ದುಲಸಾಬರ ಮೇಜು. ಮೂವತ್ತು ವರ್ಷ ಉರ್ದುವಿನಲ್ಲಿ ಕಡತ ಬರೆದ ಮುನ್ಷಿ. ಈಗ ಬರೆಯಲು ಏನೂ ಇರಲಿಲ್ಲವಾದರೂ ದಿನಾ ಬೆಳಿಗ್ಗೆ ಲೆಕ್ಕಣಿಕೆಯನ್ನು ತೊಳೆದು, ಒರೆಸಿ, ಮೇಜಿನ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂಡುತ್ತಿದ್ದರು.

“ನಮ್ಮ ಕಾಲದಾಗ ಒಂದ ಶಬ್ದ ಇತ್ತು, ಬೇಟಿ,” ಎಂದರು ಮೊದಲ ದಿನವೇ. “ಊರು ಬಿಟ್ಟಂವ ಅಂದ್ರ ಫರಾರಿ. ಅಂಜಿ ಹೋದಂವನೂ ಫರಾರಿ, ಬೀಗರ ಊರಿಗೆ ಹಬ್ಬದ ಊಟಕ್ಕ ಹೋದಂವನೂ ಫರಾರಿ. ಕೆಲಸ ಭಾಳ ಹಗೂರ ಇತ್ತು.”

ಹೊಸ ಸಾಹೇಬರ ಕೆಲಸ ಹಗುರದ್ದಾಗಿರಲಿಲ್ಲ. ಅವರ ತಖ್ತೆಯಲ್ಲಿ, ಹೆಸರು ಬರೆಯುವ ದೊಡ್ಡ ಪಟ್ಟಿಯಲ್ಲಿ, ಗೆರೆ ಎಳೆದ ಏಳು ಮನೆಗಳಿದ್ದವು. ಆರನೆಯ ಮನೆಯಲ್ಲಿ ಬರೆಯಬೇಕಾದದ್ದು, ಈ ಮನುಷ್ಯ ಊರಿನಿಂದ ಹೇಗೆ ಹೋದ ಎಂಬುದು. ಸುಂಕಲಮ್ಮನನ್ನು ಕೂರಿಸಿಕೊಂಡು ಸಾಹೇಬರು ಇಂಗ್ಲಿಷಿನಲ್ಲಿ ನಿಧಾನವಾಗಿ ತಿಳಿಸಿದರು. ಜೀವಭಯದಿಂದ ಓಡಿದ್ದರೆ ‘ಫ್ಲೆಡ್’ ಎಂದು ಬರೆಯಬೇಕು. ಅವರ ಹೊಲ ಮನೆ ಅವರಿಗೆ ಮರಳಿ ಸಿಗುತ್ತದೆ. ತಮ್ಮ ಅನುಕೂಲ ನೋಡಿಕೊಂಡು ಬೇರೆ ಊರಲ್ಲಿ ನೆಲೆ ನಿಂತಿದ್ದರೆ ‘ಮೂವ್ಡ್’; ಅವರ ಕಾಗದ ಬೇರೆ ಕಡತಕ್ಕೆ ಹೋಗಿ ಮುಂದೆ ವಿಚಾರಣೆಯಾಗುತ್ತದೆ. ಇನ್ನು ಬಾರೆವೆಂದು ಎಲ್ಲ ಕಿತ್ತುಕೊಂಡು, ಬಿಟ್ಟು ಹೋಗಿದ್ದರೆ ‘ಅಬ್ಯಾಂಡನ್ಡ್’. ಅವರ ಹೊಲ ಈಗ ಉಳುತ್ತಿರುವವನ ಹೆಸರಿಗಾಗುತ್ತದೆ, ಮುಗಿಯಿತು.

“ಮೂರೂ ಒಂದೇ ಅಲ್ಲ ಎಂಬುದು ನಿಮಗೆ ಗೊತ್ತಲ್ಲವೇ?” ಎಂದು ಸಾಹೇಬರು ಕೇಳಿದರು.

ಗೊತ್ತಿಲ್ಲದೆ ಏನು! ಶಬ್ದಗಳ ನಡುವಿನ ಅಂತರಕ್ಕೆ ಇಷ್ಟು ಬೆಲೆ ಕೊಡುವ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬರಿದ್ದಾರೆಂದು ತಿಳಿದು ಅವಳಿಗೆ ಆವತ್ತು ಅನ್ನ ರುಚಿಸಿತು.

ಮೊದಲೆರಡು ವಾರ ಕೆಲಸ ನೀರು ಹರಿದ ಹಾಗೆ ಸಾಗಿತು. ಊರವರು ಬಂದು ಕೈಕಟ್ಟಿ ನಿಂತು ಹೇಳುವರು: “ಹ್ವಾದಿವ್ರಿ.” ಒಬ್ಬ ಸಣ್ಣ ದನಿಯಲ್ಲಿ ಹೇಳುವನು, ಒಬ್ಬ ಕಣ್ಣೊರೆಸಿಕೊಂಡು ಹೇಳುವನು, ಒಬ್ಬ ಮಗನ ಮನೆಗೆ ಹೋದದ್ದನ್ನೇ ದೊಡ್ಡ ಕಥೆ ಮಾಡಿ ಹೇಳುವನು. ಅವಳು ಕತ್ತು ಬಗ್ಗಿಸಿ ಕೇಳಿ, ಅಳೆದು ತೂಗಿ ಮೂರರಲ್ಲಿ ಒಂದನ್ನು ದುಂಡಗೆ ಬರೆಯುವಳು. ಬಾಯಿ ಬಿಡುವ ಪ್ರಸಂಗ ಕಡಿಮೆಯಿತ್ತು. ಅವಳಿಗೆ ಬೇಕಾದ್ದೂ ಅದೇ.

ಗುರುವಾರ ಮಧ್ಯಾಹ್ನ ಗಿರ್ದಾವರ ಓಬಳೆಪ್ಪ ಸ್ಥಳ ನೋಡಿಕೊಂಡು ಬಂದ. ಕೊಪ್ಪಳ ಪೇಟೆಯ ಮನುಷ್ಯ; ಹಳ್ಳಿ ಹಳ್ಳಿ ತಿರುಗಿ ಹೊಲ ಮನೆ ಪರೀಕ್ಷೆ ಮಾಡಿ ವರದಿ ಕೊಡುವುದು ಅವನ ಕೆಲಸ. ಬೂಟಿನ ಧೂಳು ಕೊಡವುತ್ತ ಬಂದು ಸಾಹೇಬರ ಮುಂದೆ ನಿಂತ. ಇದೇ ತಾಲೂಕಿನ ಮಂಗಳೂರು ಎಂಬ ಊರಿನಾಚೆ ಬಿಳಿಕಲ್ಲಹಾಳ ಎಂಬ ಸಣ್ಣ ಹಳ್ಳಿ. ಅಲ್ಲಿ ಮಾಳವ್ವ ಎಂಬ ಕುರಿಗಾರ ಮುದುಕಿಯ ಹೆಸರಿನಲ್ಲಿ ಹಳ್ಳದ ದಂಡೆಯ ನಾಲ್ಕು ಎಕರೆ ಹೊಲ, ಒಂದು ಮಣ್ಣಿನ ಮನೆ. ಅವಳ ಮನೆಯವರು ಹೋಗಿ ಒಂದೂಕಾಲು ವರ್ಷವಾಗಿದೆ. ಹೊಲವನ್ನು ಅಯ್ಯಪ್ಪ ಎಂಬವನು ಉಳುತ್ತಿದ್ದಾನೆ.

“ಮನಿಗೆ ಬಾಗಲಾನ ಇಲ್ಲ,” ಎಂದ ಓಬಳೆಪ್ಪ, ಸುಂಕಲಮ್ಮನ ಕಡೆ ತಿರುಗಿ. “ಬರಕೋರಿ ಬಾಯಾರ. ಚೌಕಟ್ಟು ಐತಿ, ಬಾಗಲಾ ಇಲ್ಲ. ಕಿತಗೊಂಡು ಹೊತಗೊಂಡು ಹೋಗ್ಯಾರ. ಒಳಗ ನೋಡಿದ್ರ ಒಂದ ಒಲಿ, ಒಂದ ಬೀಸೂಕಲ್ಲು, ಅಯ್ಯಪ್ಪನ ಎರಡ ಎತ್ತು. ತಲಿ ಮ್ಯಾಲ ಬಾಗಲಾ ಹೊತ್ತು ತಿರಗೂ ಮಂದಿಗೆ ಮನಿ ಯಾಕ ಬೇಕು? ಬಸವನಹುಳ ಇದ್ದಂಗ!”

ಜವಾನ ನಕ್ಕ. ಕಾಗದ ಹಿಡಿದು ಕಾಯುತ್ತಿದ್ದ ಇಬ್ಬರು ಗೌಡರೂ ನಕ್ಕರು. ಸುಂಕಲಮ್ಮನ ತುಟಿಯೂ ತಾನಾಗಿಯೇ ಸ್ವಲ್ಪ ಅಗಲವಾಯಿತು. ಆಮೇಲೆ ಅವಳು ಬಾಗಿಲಿನ ಮಾತನ್ನು ಇಂಗ್ಲಿಷಿನಲ್ಲಿ ಸಾಹೇಬರಿಗೆ ತಿಳಿಸಿದಳು.

ಸಾಹೇಬರು ಪೆನ್ನಿನ ಹಿಂಬದಿಯಿಂದ ಗಲ್ಲ ತಟ್ಟಿಕೊಂಡು ಯೋಚಿಸಿದರು. “ನೀವು ಇದೇ ಸೀಮೆಯವರು. ಮರಳಿ ಬರಬೇಕೆಂದಿರುವ ಮನುಷ್ಯ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಾನೆ. ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತಾನೆಯೇ?”

ಹೋಗುತ್ತಾನೆ. ಸುಂಕಲಮ್ಮನಿಗೆ ಅದು ತನ್ನ ಹೆಸರು ಗೊತ್ತಿದ್ದಷ್ಟೇ ಗೊತ್ತಿತ್ತು. ಆದರೆ ಹೇಳಿದರೆ, ಹೇಗೆ ಗೊತ್ತು ಎಂದು ಕೇಳುತ್ತಾರೆ. ಅವಳ ಅಪ್ಪ ದ್ಯಾವಪ್ಪ ಸರಕಾರಿ ನೌಕರನಾಗಿದ್ದ ಎಂದಷ್ಟೇ ಕಚೇರಿಯವರು ತಿಳಿದಿದ್ದರು. ಸುಳ್ಳಲ್ಲ, ಹದಿಮೂರು ವರ್ಷ ಚಪರಾಸಿಯಾಗಿದ್ದ. ಅದಕ್ಕೆ ಮೊದಲು ಏನಾಗಿದ್ದ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವಳು ಶಾಯಿ ದೌತಿಯನ್ನು ನೋಡಿದಳು.

“ಇಲ್ಲವೆಂದು ತಿಳಿಯುತ್ತೇನೆ,” ಎಂದರು ಸಾಹೇಬರು. “ಹಾಗಾದರೆ ಅಬ್ಯಾಂಡನ್ಡ್.”

ಅವಳು ಬರೆದಳು. ಎಂದಿನಂತೆ ದುಂಡಗೆ, ಒಂದಕ್ಷರವೂ ಸಾಲು ಬಿಡದಂತೆ ಬರೆದಳು.

ಆ ಸಂಜೆ ಮನೆಗೆ ಬಂದಾಗ ಅವ್ವ ಪಕ್ಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ದ್ಯಾವಪ್ಪ ಹೊಸಿಲ ಬಳಿ ಕೂತು ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಈಗಿನ ಬಾಗಿಲು ಕಬ್ಬಿಣದ ಕೀಲಿನದು, ಸುಮ್ಮನೆ ಎತ್ತಿದರೆ ಬರುವಂಥದಲ್ಲ. ಅದಕ್ಕೆ ಎಣ್ಣೆ ಬಿಡುವುದು ಅವನಿಗೆ ವಾರದ ಪೂಜೆ.

“ಅಪ್ಪಾ, ಸುಗ್ಗಿಗೆ ಕಾರಟಗಿ ಕಡೆ ಕೂಲಿಗೆ ಹೋಗಾಗ ಬಾಗಲಾ ಯಾಕ ಒಯ್ತಿದ್ದಿ?” ಎಂದು ಕೇಳಿದಳು.

ದ್ಯಾವಪ್ಪ ಮಗಳ ಮುಖ ನೋಡಿದ. ಹೈದರಾಬಾದಿಗೆ ಹೋದಂದಿನಿಂದ ಅವಳು ಆ ಕಾಲದ ಮಾತು ತೆಗೆದದ್ದೇ ಇಲ್ಲ. “ಈಗ್ಯಾಕ ಅದು?”

“ಸುಮ್ಮ ಕೇಳಿದೆ.”

“ಗ್ವಾಡಿ ಮಣ್ಣಿಂದು. ಯಾರ ಒಯ್ತಾರ ಅದನ್ನ? ಬಾಗಲಾ ಕಟಗೀದು. ಬಿಟ್ಟು ಹೋದ್ರ ನಾಕ ದಿನದಾಗ ಯಾರದರ ಒಲಿಗೆ ಹೋಗೂದು. ಬಾಗಲಾ ಹೋತಂದ್ರ ಬಂದು ಎಲ್ಲಿ ಇರೂದು? ನಾಯಿ ಹೊಕ್ಕ ಮನಿ ಅಕ್ಕೇತಿ. ಅದಕ್ಕ ಒಯ್ತಿದ್ವಿ. ಬಾಗಲಾ ಕೂಡ ಇತ್ತಂದ್ರ ಮನಿ ಕೂಡ ಇದ್ದಂಗ.”

“ನೀ ಏನ ಬಲ್ಲಿ,” ಎಂದು ಪಕ್ಕೀರವ್ವ ಒಲೆಯ ಮುಂದಿನಿಂದಲೇ ನಕ್ಕಳು. “ನಿನ್ನ ಹೊತಗೊಳ್ಳಾಕ ಒಲ್ಲೆ ಅಂತಿದ್ದ ನಿಮ್ಮಪ್ಪ. ಬಾಗಲಾ ತಲಿ ಮ್ಯಾಲ, ಅದರ ಮ್ಯಾಲ ಗಂಟು, ಮತ್ತ ಮಗಳನ್ನ ಎಲ್ಲಿ ಇಡೂದು? ನಾನ ಹೊತ್ತೆ. ಕಣದಾಗ ಬಾಗಲಾ ಹಾಸಿ ಅದರ ಮ್ಯಾಲ ನಿನ್ನ ಮಲಗಸ್ತಿದ್ದೆ, ಇರವಿ ಹತ್ತಬಾರದಂತ. ಆ ಬಾಗಲದ ಮ್ಯಾಲ ಮಲಗೇ ಬೆಳದಾಕಿ ನೀ.”

“ಒಂಬತ್ತ ವರ್ಷದ ತನಕಾ,” ಎಂದ ದ್ಯಾವಪ್ಪ.

ಸುಂಕಲಮ್ಮ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಅವಳಿಗೆ ನೆನಪಿತ್ತು. ಬೇವಿನ ಹಲಗೆ, ನಡುವೆ ಒಂದು ಗಂಟು, ಮಲಗಿದರೆ ಸರಿಯಾಗಿ ಬೆನ್ನಿಗೆ ಒತ್ತುತ್ತಿತ್ತು. ಹಾಸ್ಟೆಲಿನಲ್ಲಿ ಮೊದಲ ರಾತ್ರಿ ಹತ್ತಿಯ ಹಾಸಿಗೆಯ ಮೇಲೆ ನಿದ್ದೆ ಬಾರದೆ, ಬೆನ್ನಿಗೆ ಏನು ಕಡಿಮೆಯಾಗಿದೆ ಎಂದು ಹೊಳೆದಾಗ ಅವಳಿಗೆ ನಾಚಿಕೆಯಾಗಿತ್ತು. ಪಕ್ಕದ ಮಂಚದ ಹುಡುಗಿ, ನಿಮ್ಮ ಊರಿನ ಮನೆ ಎಷ್ಟು ಅಂಕಣದ್ದು ಎಂದು ಕೇಳಿದಾಗ, ದೊಡ್ಡದು ಎಂದಿದ್ದಳು.

ಶುಕ್ರವಾರ ಅವಳು ಕಚೇರಿಗೆ ಬಂದಾಗ ಅಂಗಳದ ಬೇವಿನ ಮರಕ್ಕೆ ಒಂದು ಬಾಗಿಲು ಒರಗಿ ನಿಂತಿತ್ತು.

ಎರಡು ಹಲಗೆಯದು, ಮೇಲೊಂದು ಅಗಳಿ. ಕೆಳಗಡೆ, ಹೊಸಿಲ ಕುಳಿಯಲ್ಲಿ ಕೂತು ತಿರುಗುವ ಮರದ ಗೂಟ, ಗುಬಟು, ಸವೆದು ನುಣ್ಣಗಾಗಿತ್ತು. ಅರಿಶಿಣದ ಹಳೆಯ ಗೀರು ಹಲಗೆಯ ಸೀಳಿನಲ್ಲಿ ಉಳಿದಿತ್ತು. ಪಕ್ಕದಲ್ಲಿ ಹೇರಿನ ಎತ್ತು ಮೆಲುಕು ಹಾಕುತ್ತಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ಕೂತ ಮುದುಕಿ ತಂಬಾಕು ತಿಕ್ಕುತ್ತಿದ್ದಳು. ಸೊಸೆ ದುರಗಮ್ಮ ಎತ್ತಿಗೆ ಸೊಪ್ಪು ಹಾಕುತ್ತಿದ್ದಳು.

“ಯವ್ವಾ, ಸಾಹೇಬರ ಕಚೇರಿ ಇದ ಏನ?” ಎಂದು ಕೂಗಿದಳು ಮುದುಕಿ. “ನಾ ಬಿಳಿಕಲ್ಲಹಾಳದ ಮಾಳವ್ವ. ಬಾಗಲಾ ತಂದೀನಿ, ಮನಿ ಕೊಡ್ರಿ ಅಂತ ಹೇಳು.”

ಸುಂಕಲಮ್ಮ ತಲೆಯಾಡಿಸಿ, ಸಾಹೇಬರು ಕುಷ್ಟಗಿಗೆ ಕ್ಯಾಂಪ್ ಹೋಗ್ಯಾರ, ಸೋಮವಾರ ಬರ್ತಾರ ಎಂದು ಗೊಣಗಿದಂತೆ ಹೇಳಿ ಒಳಗೆ ಹೋದಳು. ಗೋಡೆಯ ಪಕ್ಕದಲ್ಲೇ ಹೋದಳು.

ಮಾಳವ್ವ ಹೋಗಲಿಲ್ಲ. “ಸೋಮಾರ ಅಂದ್ರ ಸೋಮಾರ” ಎಂದು ಬಾಗಿಲನ್ನು ಮರದ ಬುಡದಲ್ಲಿ ಮಲಗಿಸಿ, ಅದರ ಮೇಲೆ ತಾನೂ ಮಲಗಿ, ಊರ ಹೊರಗೆ ಕುರಿಯ ಜೊತೆಗಿದ್ದ ಮಗ ಕಳಕಪ್ಪನಿಗೆ ಸೊಸೆಯ ಕೈಯಲ್ಲಿ ಬುತ್ತಿ ಕಳಿಸುತ್ತ ಉಳಿದಳು. ಹೋಗಿ ಬರುವ ಜವಾನರನ್ನೆಲ್ಲ ಮಾತಾಡಿಸಿದಳು. ಮರುದಿನ ಮಧ್ಯಾಹ್ನದೊಳಗೆ ಅವಳ ಕಥೆ ಕಚೇರಿಯ ತುಂಬ ಹರಡಿತು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗುವುದು. ಗಂಗಾವತಿ ಸೀಮೆಯಲ್ಲಿ, ವಿರೂಪಾಪುರಗಡ್ಡೆಯಲ್ಲಿ, ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದು. ಮುಂಗಾರಿಗೆ ಮೊದಲು ಊರಿಗೆ ಬಂದು ಬಾಗಿಲು ಕೂರಿಸಿ, ಹೊಲ ಹರಗುವುದು. ಗದ್ದಲದ ಆ ವರ್ಷ ಮೇವು ಹುಡುಕಿ, ಗಡಿಯಾಗಿದ್ದ ಹೊಳೆಯನ್ನೇ ದಾಟಿದ್ದಾರೆ. ಅಷ್ಟರಲ್ಲಿ ಗದ್ದಲ ಹತ್ತಿ, ಗಡಿಯಲ್ಲಿ ಕಾವಲು ಬಿದ್ದು, ಆ ದಂಡೆಯಲ್ಲೇ ಸಿಕ್ಕಿಕೊಂಡಿದ್ದಾರೆ. ಗದ್ದಲ ಮುಗಿದಾಗ ಕುರಿ ಈದಿದ್ದವು. ಎಳೆಯ ಮರಿ ಅಷ್ಟು ದೂರ ನಡೆಯವು. ಮರಿ ಬಲಿತ ಮೇಲೆ ಬಂದಿದ್ದಾರೆ. ಬಂದರೆ ಮನೆಯೊಳಗೆ ಅಯ್ಯಪ್ಪನ ಎತ್ತು.

ಶನಿವಾರ ಸಂಜೆ ಎಲ್ಲರೂ ಎದ್ದ ಮೇಲೆ ಅಬ್ದುಲಸಾಬರು ಕುರ್ಚಿ ಸರಿಸಿಕೊಂಡು ಸುಂಕಲಮ್ಮನ ಮೇಜಿನ ಹತ್ತಿರ ಬಂದರು.

“ತಖ್ತೆ ನಿನ್ನ ಕಪಾಟಿನಾಗ ಐತೆಲ್ಲ, ಬೇಟಿ?”

“ಹೌದ್ರಿ, ಚಾಚಾ.”

“ಬ್ಲೇಡಿನಿಂದ ಹಗೂರಕ ಕೆರದ್ರ ಶಾಯಿ ಹೋಕ್ಕೇತಿ. ಆ ಜಾಗಾದಾಗ ಅಂಜಿ ಓಡಿಹೋದ್ರು ಅನ್ನೂ ಶಬ್ದ ಬರಿ. ಸಾಹೇಬ ನೂರಾ ನಲವತ್ತ ಹೆಸರಿನಾಗ ಇದನ್ನೇನ ನೆನಪ ಇಟಗೊಂಡಿರ್ತಾನ? ಮುದುಕಿಗೆ ಹೊಲಾ ಸಿಗತೈತಿ, ಯಾರಿಗೂ ಯಾರೂ ಏನೂ ಹೇಳೂದು ಬ್ಯಾಡ.” ದನಿ ತಗ್ಗಿಸಿದರು. “ಮೂವತ್ತ ವರ್ಷದಾಗ ನಾ ಎಷ್ಟ ಸಲ ಕೆರದೀನಿ, ಅಲ್ಲಾಗ ಗೊತ್ತು.”

ಅವರು ಹೋದ ಮೇಲೆ ಅವಳು ತಖ್ತೆ ತೆರೆದಳು. ಪೆನ್ಸಿಲ್ ಚೂಪು ಮಾಡುವ ಬ್ಲೇಡು ಕೈಯಲ್ಲಿತ್ತು. ಕಿಟಕಿಯಿಂದ ಮಾಳವ್ವ ಕಾಣುತ್ತಿದ್ದಳು. ಬಾಗಿಲ ಮೇಲೆ ಕೂತು ಯಾವುದೋ ಮಾತಿಗೆ ಸೊಸೆಯನ್ನು ಬೈಯುತ್ತಿದ್ದಳು. ದುರಗಮ್ಮ ಬೆನ್ನು ತಿರುಗಿಸಿ ನಗುತ್ತಿದ್ದಳು. ಅಂಜಿ ಓಡಿದವರ ಮುಖಗಳನ್ನು ಸುಂಕಲಮ್ಮ ಎರಡು ವಾರ ನೋಡಿದ್ದಳು. ಇದು ಆ ಮುಖವಲ್ಲ. ಈ ಮುದುಕಿ ಯಾರಿಗೂ ಅಂಜಿರಲಿಲ್ಲ, ನೆಲೆ ಬದಲಿಸಿರಲಿಲ್ಲ, ಬಿಟ್ಟು ಹೋಗಿರಲಿಲ್ಲ. ಮೂವತ್ತೊಂದರಲ್ಲಿ, ಸಾಹೇಬರ ಮೂರರಲ್ಲಿ, ಎಲ್ಲೂ ಅವಳ ಹೋಗುವಿಕೆ ಇರಲಿಲ್ಲ. ಅದಕ್ಕೆ ಶಬ್ದ ಸಾಲದು, ಯಾರಾದರೂ ಬಾಯಿ ಬಿಟ್ಟು ಪೂರ್ತಿ ಒಂದು ಮಾತು ಹೇಳಬೇಕು.

ಒಂದು ಸುಳ್ಳನ್ನು ಕೆರೆದು ಅದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಕಾಗದ ತೆಳ್ಳಗಾಗುವುದಷ್ಟೇ ಲಾಭ. ಅದೂ ಅಲ್ಲದೆ ಅಯ್ಯಪ್ಪ ಸುಮ್ಮನಿದ್ದಾನೆಯೇ? ಓಡಿಹೋದದ್ದು ಯಾವ ದಿನ, ಯಾರಿಗೆ ಅಂಜಿ, ಎಂದು ಅವನು ಕೇಳಿದ ಮೊದಲ ಪ್ರಶ್ನೆಗೇ ಮಾಳವ್ವ “ನಾ ಯಾಕ ಓಡ್ಲಿ?” ಎನ್ನುತ್ತಾಳೆ. ಸುಂಕಲಮ್ಮ ಬ್ಲೇಡನ್ನು ಡಬ್ಬಿಗೆ ಹಾಕಿದಳು. ಮನೆಗೆ ಹೋಗುವಾಗ ಮರದ ಪಕ್ಕದಲ್ಲೇ ಹಾದಿ. ನೆಲ ನೋಡುತ್ತ ದಾಟಿದಳು.

“ಉಂಡಿ ಏನವ್ವಾ?” ಎಂದಳು ಮಾಳವ್ವ ಹಿಂದಿನಿಂದ.

ಆ ಭಾನುವಾರ ದಿನಚರಿಯಲ್ಲಿ ಒಂದೇ ಸಾಲು: “ಉಂಡೆನೇ ಎಂದು ಕೇಳಿದಳು. ಹೂಂ ಎಂದೂ ಅನ್ನಲಿಲ್ಲ.”

ಸೋಮವಾರ ಹತ್ತು ಗಂಟೆಗೆ ಸಾಹೇಬರು ಬಂದರು. ತಖ್ತೆ ಆವತ್ತೇ ಮೇಲಿನ ಕಚೇರಿಗೆ ಹೋಗಬೇಕು. ಗಾಳೆಪ್ಪ ಚೀಲದ ಬಾಯಿ ಬಿಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದ, ಹನ್ನೆರಡಕ್ಕೆ ಮೋಟಾರು. ಸಾಹೇಬರು ಸಹಿ ಹಾಕುವ ಮುನ್ನ, ಅಂಗಳದಲ್ಲಿರುವ ಆ ಬಾಗಿಲು ಏಕೆ ಎಂದು ಕೇಳಿದರು. ಮಾಳವ್ವನನ್ನು ಒಳಗೆ ಕರೆದರು. ಅವಳು ಒಬ್ಬಳೇ ಬರಲಿಲ್ಲ, ದುರಗಮ್ಮನೂ ಅವಳೂ ಸೇರಿ ಬಾಗಿಲನ್ನು ಹೊತ್ತು ತಂದು ಸಾಹೇಬರ ಮೇಜಿಗೇ ಒರಗಿಸಿದರು. ಅಯ್ಯಪ್ಪನಿಗೂ ಹೇಳಿ ಕಳಿಸಿದ್ದರು. ಅವನು ರುಮಾಲು ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಹತ್ತಿ ನಿಂತ. ಓಬಳೆಪ್ಪ ಕಿಟಕಿಯ ಬಳಿ ಇದ್ದ.

“ಇವರ ಹೆಸರಿನ ಮುಂದೆ ಬಿಟ್ಟುಹೋದವರು ಎಂದಿದೆ. ತಿಳಿಸಿ ಹೇಳಿ,” ಎಂದರು ಸಾಹೇಬರು.

ಸುಂಕಲಮ್ಮ ಮುದುಕಿಯ ಕಡೆ ತಿರುಗಿದಳು. “ನೀವು... ಮನಿ ಬಿಟ್ಟು ಹೋಗೀರಿ ಅಂತ ಬರದೈತ್ರಿ, ಯವ್ವಾ.”

“ಯಾರ ಬರದಾರ?”

ಸುಂಕಲಮ್ಮ ತಖ್ತೆಯ ಅಂಚು ಸರಿಪಡಿಸಿದಳು.

“ಯಾರರ ಬರದಿರ್ಲಿ, ಅವರಿಗೆ ತಿಳೀದು,” ಎಂದಳು ಮಾಳವ್ವ. “ಬಿಟ್ಟು ಹೋಗವ್ರು ಬಾಗಲಾ ಯಾಕ ಒಯ್ತಾರ? ಬಾಗಲಾನೂ ಬಿಟ್ಟು ಹೋಗ್ತಾರ! ಹೊಸಲಿಗೆ ಅರಿಷಿಣ ಹಚ್ಚಿ, ಬರ್ತೀವಿ ಅಂತ ಹೇಳಿ ಹೊಂಟಾಕಿ ನಾ. ಬೀಸೂಕಲ್ಲು ಅಲ್ಲೇ ಐತಿ, ಕೇಳ್ರಿ ಇವನ್ನ. ಏನೋ ಅಯ್ಯಪ್ಪ, ನನ್ನ ಕಲ್ಲಿನಾಗ ನಿನ್ನ ಹೇಣ್ತಿ ಜ್ವಾಳ ಬೀಸಿಲ್ಲೇನ?”

ಅಯ್ಯಪ್ಪ ಕಾಲಿನ ಹೆಬ್ಬೆರಳು ನೋಡಿದ. “ನಾ ಯಾರದೂ ಕಸಗೊಂಡಿಲ್ರಿ. ಬೀಳ ಬಿದ್ದಿತ್ತು, ಬಿತ್ತೀನಿ. ಎರಡ ಸುಗ್ಗಿ ಆತು, ಯಾರೂ ಬರ್ಲಿಲ್ಲ.”

ಸುಂಕಲಮ್ಮ ಎಲ್ಲವನ್ನೂ ಇಂಗ್ಲಿಷಿಗೆ ತಂದಳು. ಸಾಹೇಬರು ಕೇಳಿಸಿಕೊಂಡರು. ಬಾಗಿಲಿನ ಸವೆದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಗಡಿಯಾರ ನೋಡಿದರು.

“ಹೀಗೆ ಬಾಗಿಲು ಒಯ್ದು ಮರಳಿ ತರುವ ರೂಢಿ ಇದೆಯೆಂದು ಈ ಹೆಂಗಸು ಹೇಳುತ್ತಾಳೆ. ಅವಳಿಗೆ ಹೊಲ ಬೇಕು, ಅವಳ ಮಾತು ಸಾಲದು. ಆ ಮನುಷ್ಯನಿಗೂ ಹೊಲ ಬೇಕು. ಗಿರ್ದಾವರರು ಏನನ್ನುತ್ತಾರೆ?”

“ನಾ ಹನ್ನೊಂದ ವರ್ಷ ತಿರಗೀನಿ, ಕೇಳಿಲ್ರಿ,” ಎಂದ ಓಬಳೆಪ್ಪ. ಅದು ನಿಜವೇ. ಯಾವ ಮನೆಯವರೂ ಅವನಿಗೆ ಹೇಳುವ ಸಂಗತಿ ಅದಲ್ಲ, ಅವನು ಕೇಳುವವನೂ ಅಲ್ಲ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. “ಈ ಹೊಲಕ್ಕೆ ಸಂಬಂಧವಿಲ್ಲದ, ಈ ರೂಢಿಯನ್ನು ಕಣ್ಣಾರೆ ಕಂಡವರು ಒಬ್ಬರು ನನ್ನ ಮುಂದೆ ನಿಂತು ಹೇಳಿದರೆ ಸಾಕು. ಈ ಶಬ್ದ ಹೊಡೆದುಹಾಕಿ ಅವರ ಮಾತನ್ನೇ ಬರೆಯುತ್ತೇನೆ, ಹೊಲ ಮನೆ ಇವಳದಾಗುತ್ತದೆ. ಇಲ್ಲವಾದರೆ ನಾನು ಸಹಿ ಹಾಕಬೇಕು. ಕೇಳಿ ಅವಳನ್ನು.”

ಸುಂಕಲಮ್ಮ ಕೇಳಿದಳು. “ಹಿಂಗ ಬಾಗಲಾ ಒಯ್ಯೂದು ಗೊತ್ತಿದ್ದವ್ರು, ಹೊರಗಿನವ್ರು, ಯಾರರ ಅದಾರೇನ್ರಿ ಅಂತ ಕೇಳ್ತಾರ. ಈಗ, ಇಲ್ಲೇ ಹೇಳಬೇಕಂತ.”

ಮಾಳವ್ವ ಸುತ್ತಲೂ ನೋಡಿದಳು. ಸಾಹೇಬರ ಇಸ್ತ್ರಿಯ ಅಂಗಿ, ಓಬಳೆಪ್ಪನ ಬೂಟು, ಅಬ್ದುಲಸಾಬರ ಟೋಪಿ, ಜವಾನನ ಪಟ್ಟಿ, ಗಾಳೆಪ್ಪನ ಚೀಲ. ಕೊನೆಗೆ ಸುಂಕಲಮ್ಮನ ಬಿಳಿ ಸೀರೆಯ ಮೇಲೆ, ಕೈಗಡಿಯಾರದ ಮೇಲೆ ಕಣ್ಣು ನಿಂತಿತು. ಮೂರು ದಿನದಲ್ಲಿ ಮೊದಲ ಸಲ ಅವಳ ಗಂಟಲು ತಗ್ಗಿತು.

“ಇಲ್ಲೆ ನಮ್ಮಂಥವ್ರು ಯಾರದಾರ, ಯವ್ವಾ?”

ಅದನ್ನು ಇಂಗ್ಲಿಷಿಗೆ ತರಬೇಕಾದ ಸರದಿ ಸುಂಕಲಮ್ಮನದು. ಸಾಹೇಬರು ಕಾಯುತ್ತಿದ್ದರು. ತಾನು ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟರೆ ಆ ಕೋಣೆಯಲ್ಲಿ ಒಬ್ಬರಿಗಷ್ಟೇ ತಿಳಿಯುತ್ತದೆ, ಓಬಳೆಪ್ಪನಿಗೆ ತಿಳಿಯುವುದಿಲ್ಲ, ಕೆಲಸವೂ ಆಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಮಾಳವ್ವನಿಗೂ ತಿಳಿಯುವುದಿಲ್ಲ ಎಂಬುದೂ ಅದರ ಹಿಂದೆಯೇ ಹೊಳೆಯಿತು.

ಅವಳು ಎದ್ದಳು. ಕುರ್ಚಿ ಕಿರ್ರೆಂದಿತು. ಗೋಡೆಯ ಪಕ್ಕ ಬಿಟ್ಟು ಕೋಣೆಯ ನಡುವಿನಿಂದ, ಚಪ್ಪಲಿ ಪಟಪಟ ಸಪ್ಪಳ ಮಾಡುತ್ತಿದ್ದರೂ ನಿಲ್ಲದೆ, ಬಾಗಿಲು ಒರಗಿದ್ದಲ್ಲಿಗೆ ಹೋದಳು. ಅಬ್ದುಲಸಾಬರು ತಲೆ ಎತ್ತಿದರು. ಓಬಳೆಪ್ಪ ಕಿಟಕಿಯಿಂದ ತಿರುಗಿದ. ಅವಳು ಹಲಗೆಯ ಮೇಲೆ ಕೈ ಇಟ್ಟಳು.

“ನಾನದೀನಿ, ಯವ್ವಾ. ವರ್ಷಾ ಸುಗ್ಗಿಗೆ ಹೋಗಾಗ ನಮ್ಮಪ್ಪ ದ್ಯಾವಪ್ಪನೂ ಬಾಗಲಾ ಕಿತ್ತು ತಲಿ ಮ್ಯಾಲ ಹೊತ್ತು ಹೋಗ್ತಿದ್ದ, ತಿರುಗಿ ತಂದು ಕೂಡಸ್ತಿದ್ದ. ನಾ ಅದರ ಮ್ಯಾಲ ಮಲಗಿ ಬೆಳದಾಕಿ. ಆ ಶಬ್ದ ಬರದಾಕಿನೂ ನಾನ. ಬರಿಯೂ ಮುಂದನ ನನಗ ಗೊತ್ತಿತ್ತು, ಅದು ಖರೇ ಅಲ್ಲ ಅಂತ.”